ಬೀಳಗಿಯಷ್ಟೇ ದೂರ

ಅವರ ಎಡಗಿವಿಯ ಮೇಲಂಚು ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಅಲ್ಲೊಂದು ಕಚ್ಚು. ಉಳಿದ ಕಿವಿ ಒಣಮೆಣಸಿನಕಾಯಿಯಂತೆ ಕಪ್ಪಗೆ ಮುರುಟಿಕೊಂಡಿತ್ತು. ಬನಹಟ್ಟಿಯ ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆಯರು ಸೆರಗಿನ ಮರೆಯಿಂದ ಮೊದಲು ನೋಡುತ್ತಿದ್ದುದು ಆ ಕಿವಿಯನ್ನೇ. ಹುಡುಗರಿಗೆ ಸೆರಗಿಲ್ಲ, ನೇರವಾಗಿ ಕೇಳಿಬಿಡುತ್ತಿದ್ದರು.

"ಥಂಡಿ ತಿಂದೈತಿ," ಎನ್ನುತ್ತಿದ್ದರು ಅವರು.

"ಥಂಡಿಗೆ ಹಲ್ಲು ಇರ್ತಾವೇನ್ರಿ ಕಾಕಾ?"

"ನಿನಗಿಂತ ಛಲೋ ಅದಾವ. ನೀ ಒಂದ್ ಕಬ್ಬು ಸುಲಿಯಾಕ ಅಳತಿ, ಅದು ಎಲುಬಿನ ತನಕ ಹೊಕ್ಕೈತಿ."

ಹುಡುಗರು ಅವರನ್ನು ಮಿಲಿಟ್ರಿ ಕಾಕಾ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ನಾನೂ ಕಾಕಾ ಅಂದೆ, ವಯಸ್ಸಿನಲ್ಲಿ ಅವರು ನನಗಿಂತ ಸಣ್ಣವರಾದರೂ. ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಹೀಗೆ ನಾನು ನನ್ನ ತಮ್ಮನಂಥವರಿಗೆ ಕಾಕಾ ಎನ್ನುವುದು ಓಣಿಯಲ್ಲಿ ಯಾರಿಗೂ ವಿಚಿತ್ರ ಅನಿಸಲಿಲ್ಲ.

ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗಕ್ಕೆ ಕೂರದೆ ಫೌಜಿಗೆ ಹೋದವರು ಅವರು. ಬಂದೂಕು ಹಿಡಿದದ್ದು ಕಡಿಮೆ, ಮೂಟೆ ಹಿಡಿದದ್ದೇ ಹೆಚ್ಚು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ದೇಶದ ಬಡಗಣ ತುದಿಯ ಲಡಾಖದಲ್ಲಿ ಫೌಜಿನ ವಿಮಾನಕ್ಕೆ ಮಾಲು ಏರಿಸುವುದು, ಅಲುಗದ ಹಾಗೆ ಬಿಗಿಯುವುದು, ಅದರ ಜೊತೆಗೇ ಕೂತು ಹೋಗಿ ಇಳಿಸುವುದು ಅವರ ಕೆಲಸ. ಲೇಹ ಎಂಬ ಊರಲ್ಲಿ ಒಂದು ವಿಮಾನ ನಿಲ್ದಾಣ. ಅದರ ಮಗ್ಗುಲಿಗೆ ಹಿಮದ ಗುಡ್ಡಗಳ ಸಾಲು. ಸಾಲಿನ ಆಚೆ ಒಂದು ಕಣಿವೆ, ಅಲ್ಲಿ ಥೋಯಿಸ್ ಎಂಬ ಇನ್ನೊಂದು ನಿಲ್ದಾಣ. ಈ ಎರಡರ ನಡುವೆ ಅವರು ಎಷ್ಟು ಸಲ ಹೋಗಿ ಬಂದರೋ ಅವರಿಗೇ ಲೆಕ್ಕವಿಲ್ಲ. ಹೋಗುವಾಗ ಉಳ್ಳಾಗಡ್ಡಿ, ಬಟಾಟಿ, ಸೀಮೆಎಣ್ಣೆ. ಬರುವಾಗ ಏನು ತರುತ್ತಿದ್ದಿರಿ ಎಂದರೆ "ಮನಷ್ಯಾರನ್ನ" ಎನ್ನುತ್ತಿದ್ದರು. ಕೂತ ಮನುಷ್ಯರೋ ಮಲಗಿದವರೋ, ಅದನ್ನು ಹೇಳಲಿಲ್ಲ.

ಪೆನ್ಶನ್ ಆದ ಮೇಲೆ ತಮ್ಮನ ಸಂಸಾರದ ಜೊತೆ ಬಂದು ನಿಂತರು. ಹೆಂಡತಿ ಮೊದಲೇ ತೀರಿದ್ದಳು. ಮಗ್ಗದ ಕೆಲಸಕ್ಕೆ ಕೈ ಒಗ್ಗಲಿಲ್ಲ. ಆದರೆ ಟೆಂಪೋಕ್ಕೆ ಸೀರೆಯ ಗಂಟು ಹೇರುವಾಗ ಹಗ್ಗ ಮಾತ್ರ ಅವರೇ ಬಿಗಿಯಬೇಕು. ಬಿಗಿದು, ಅಂಗೈ ಇಟ್ಟು, ಕಿವಿಗೊಟ್ಟು ನೋಡುತ್ತಿದ್ದರು. "ಕಟ್ಟಿದ ಮಾಲು ಉಸರಾಡಬಾರದು," ಎಂದು ಹೇಳುತ್ತಿದ್ದರು. ತೇರದಾಳದ ತನಕ ಹೋಗುವ ನಾಲ್ಕು ಗಂಟುಗಳಿಗೆ ಇಷ್ಟು ಉಪಚಾರ ಯಾಕೆಂದು ಡ್ರೈವರ್‌ಗಳು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ.

ದೂರದ ಮಾತು ಬಂದರೆ ಅವರ ಉತ್ತರವೇ ಬೇರೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೊರಗಿನವರು, "ಜಮಖಂಡಿ ಎಷ್ಟು ದೂರ ಆಗ್ತದ್ರೀ?" ಎಂದು ಕೇಳಿದರು. "ಬಸ್ ಬಂದ್ರ ಸಮೀಪ, ಬರದಿದ್ರ ದೂರ," ಅಂದರು ಕಾಕಾ. ಚೇಷ್ಟೆ ಅಲ್ಲ, ಅವರು ದೂರವನ್ನು ತಿಳಿದದ್ದೇ ಹಾಗೆ. ಆ ಎರಡು ನಿಲ್ದಾಣಗಳ ನಡುವೆ ಎಷ್ಟು ದೂರ ಎಂದು ನಾನೇ ಒಂದು ದಿನ ಕೇಳಿದ್ದೆ.

"ಆಕಾಶ ತೆರದ್ರ ಇಪ್ಪತ್ತ ನಿಮಿಷ, ಅಕ್ಕಾರ. ರಸ್ತಾ ತೆರದ್ರ ಒಂದ ದಿನಾ. ಎರಡೂ ಮುಚ್ಚಿದ್ರ ಕಾಶಿಗಿಂತ ದೂರ."

ನನಗೆ ಅವರು ಸೇರುತ್ತಿದ್ದುದು ಒಂದೇ ಗುಣಕ್ಕೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದರು. ನನ್ನ ಗಂಡ ಮಿರಜದ ದವಾಖಾನೆಯಲ್ಲಿ ಮಲಗಿದ್ದಾಗ ಬಂದವರೆಲ್ಲ "ಏನೂ ಆಗೂದಿಲ್ಲ, ಎದ್ದ ಕುಂದರ್ತಾರ" ಎಂದು ಹೇಳಿ ಬಾಳೆಹಣ್ಣು ಇಟ್ಟು ಹೋದರು. ಅವರು ಏಳಲಿಲ್ಲ. ಹಣ್ಣು ಮಾತ್ರ ಉಳಿದವು. ಕಾಕಾ ಬಂದು ಮಂಚದ ಹತ್ತಿರ ನಿಂತು, "ಏನಾಕ್ಕೈತೋ ನನಗ ತಿಳಿಯಾಂಗಿಲ್ಲರಿ ಅಕ್ಕಾರ. ಹೊರಗ ಕುಂತಿರ್ತೀನಿ, ಬೇಕಾದ್ರ ಕರೀರಿ," ಅಂದರು. ಅವತ್ತಿಡೀ ಹೊರಗೆ ಕೂತೇ ಇದ್ದರು.

ಈಗ ನನ್ನ ಅಳಿಯನ ಮಾತಿಗೆ ಬರುತ್ತೇನೆ. ಕಿರಿಯ ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದೆ. ಹುಡುಗ ಫೌಜಿನವನು, ಮಾತು ಕಡಿಮೆ, ಊಟ ಜಾಸ್ತಿ. ಒಂದು ವರ್ಷ ಅವನನ್ನು ಲಡಾಖಕ್ಕೆ ಹಾಕಿದರು, ಅದೇ ಗುಡ್ಡದಾಚೆಯ ಕಣಿವೆಗೆ. ಮಗಳು ದಿನ ತುಂಬಿ, ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಒಂದು ಮುಂಜಾನೆ ಅವಳ ಫೋನಿಗೆ ಅಳಿಯನ ಜೊತೆಗಾರನೊಬ್ಬ ಫೋನ್ ಮಾಡಿದ. ಹುಬ್ಬಳ್ಳಿ ಕಡೆಯ ಹುಡುಗ. ಮಗಳ ಕೈಯಿಂದ ಫೋನ್ ಕಸಿದುಕೊಂಡು ನಾನೇ ಕೇಳಿದೆ.

"ಅವ್ವಾರ, ಗಾಬರಿ ಆಗಬ್ಯಾಡ್ರಿ. ಮ್ಯಾಲಿನ ಪೋಸ್ಟಿನಿಂದ ಇಳಿಸ್ಯಾರ. ಎದ್ಯಾಗ ನೀರ ತುಂಬೈತಿ. ಡಾಕ್ಟರ್ ಆಕ್ಸಿಜನ್ ಹಚ್ಯಾರ. ಲೇಹದ ದೊಡ್ಡ ದವಾಖಾನಿಗಿ ಒಯ್ಯಬೇಕಂತ. ಮೋಡ ಭಾಳ ಐತಿ, ವಿಮಾನ ಬರವಲ್ದು."

ಎದೆಯಲ್ಲಿ ನೀರು ಎಂದರೆ ಏನು ಎಂದು ನನಗೆ ತಿಳಿಯಲಿಲ್ಲ. ಬಾವಿಗೆ ಬಿದ್ದವನ ಎದೆಯಲ್ಲಿ ನೀರು ತುಂಬುವುದು ಗೊತ್ತು. ನೀರಿಲ್ಲದ ಕಡೆ ಎದೆಯಲ್ಲಿ ನೀರು ಹೇಗೆ?

ನನ್ನ ಮಗ ಫೋನಿನಲ್ಲಿ ನಕಾಶೆ ತೆಗೆದ. ಅವನು ಪವರ್‌ಲೂಮ್ ನಡೆಸುವವನು, ಓದಿದವನು, ಆದರೂ ಕೈ ನೇಕಾರನದೇ. ನಮ್ಮಲ್ಲಿ ಯಾವುದನ್ನೇ ಅಳೆಯಬೇಕಾದರೂ ಮೊದಲು ಎಳೆಯುವುದು ನೂಲು. ತೊಟ್ಟಿಲಿಗೆ ಜಾಗ ಸಾಕೇ, ನೂಲು ಹಿಡಿ. ಹೊಸ ಬಾಗಿಲು ಚೌಕಟ್ಟಿಗೆ ಕೂರುತ್ತದೆಯೇ, ನೂಲು ಹಿಡಿ. ನೂಲು ಹಿಡಿದ ಮೇಲೆ ವಾದವಿಲ್ಲ. ಅವನೂ ಹೆಗಲ ಮೇಲಿದ್ದ ನೂಲಿನಿಂದ ಒಂದೆಳೆ ಹರಿದು, ಫೋನಿನ ಗಾಜಿನ ಮೇಲೆ ಥೋಯಿಸ್‌ನಿಂದ ಲೇಹಕ್ಕೆ ಹಿಡಿದ. ಅಷ್ಟುದ್ದವನ್ನು ಉಗುರಿನಲ್ಲಿ ಚಿವುಟಿ ಇಟ್ಟುಕೊಂಡು, ನಕಾಶೆಯನ್ನು ಮೇಲಕ್ಕೆ ಸರಿಸುತ್ತ ಸರಿಸುತ್ತ ನಮ್ಮ ಊರಿಗೆ ತಂದ. ಬನಹಟ್ಟಿಯ ಮೇಲೆ ನೂಲಿನ ಒಂದು ತುದಿ ಇಟ್ಟ. ಇನ್ನೊಂದು ತುದಿ ಜಮಖಂಡಿ ದಾಟಿ, ಬೀಳಗಿಯ ಮೇಲೆ ಬಿತ್ತು. ಬೀಳಗಿಯನ್ನೂ ಚೂರು ದಾಟಿತೇನೋ.

"ಯವ್ವಾ, ನೋಡಿಲ್ಲಿ! ಬೀಳಗಿಯಷ್ಟ ದೂರ ಐತಿ!"

ಅಷ್ಟರಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ಒಬ್ಬಳು, "ಬೀಳಗಿ? ನನ್ನ ತಂಗಿ ಮನಿಗಿ ಮುಂಜಾನಿ ಹೋಗಿ ಸಂಜಿಕ ಬರ್ತೀನಿ," ಅಂದಳು. ಇನ್ನೊಬ್ಬಳು, "ವಿಮಾನದ ದಾರಿ ಯಾಕ ಕಾಯ್ತಾರ ಬೇ? ಒಂದ್ ಜೀಪಿನಾಗ ಹಾಕ್ಕೊಂಡ ಹೋಗಾಕ ಆಗೂದಿಲ್ಲೇನ ಅವರಿಗೆ?" ಎಂದಳು. ನಾನೂ ನೂಲನ್ನೇ ನಂಬಿದೆ. ಮಗನಿಗೆ ಸಿಟ್ಟು ನೆತ್ತಿಗೇರಿತು. ಜೊತೆಗಾರನಿಗೆ ಫೋನ್ ಮಾಡಿ, ಅವನ ಮೇಲಿನ ಸಾಹೇಬರನ್ನು ಹಿಡಿದು, ಈಗಿಂದೀಗಲೇ ರಸ್ತೆಯಲ್ಲಿ ಒಯ್ಯಿರಿ ಎಂದು ಜಗಳ ತೆಗೆಯುವವನೇ ಇದ್ದ.

ಗದ್ದಲ ಕೇಳಿ ಕಾಕಾ ಬಂದರು. ಮಗ ನೂಲು ತೋರಿಸಿದ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನೂಲು ಖರೆನ ಹೇಳತೈತಿ," ಅಂದರು. "ಆದ್ರ ಇದು ಹಕ್ಕಿ ದಾರಿ. ಜೀಪಿಗೆ ಈ ದಾರಿ ಇಲ್ಲ."

ನೀರಿನ ಕೊಡವನ್ನು ಬರಿದು ಮಾಡಿಸಿ ಬೋರಲು ಹಾಕಿದರು. ಅದರ ಆಚೆಗೊಂದು ಬೆರಳು, ಈಚೆಗೊಂದು ಬೆರಳು ಇಟ್ಟು, ಆ ಬೆರಳುಗಳ ನಡುವಿನಷ್ಟೇ ಉದ್ದದ ಇನ್ನೊಂದು ನೂಲು ಹರಿದು ಕೊಡದ ಮೇಲಿಂದ ಹಾಸಲು ಮಗನಿಗೆ ಹೇಳಿದರು. ನೂಲು ಅರ್ಧಕ್ಕೇ ಮುಗಿಯಿತು.

"ಈ ಕೊಡಾನ ಗುಡ್ಡ ಅಂತ ತಿಳಿ. ಇದರ ನೆತ್ತಿ ಮ್ಯಾಲ ಹಾದ ಹೋಗತೈತಿ ರಸ್ತಾ. ಅಲ್ಲಿ ಹವಾ ತೆಳ್ಳಗ, ನೆಟ್ಟಗ ಇದ್ದವರಿಗೇ ಉಸರು ಸಾಲಾಂಗಿಲ್ಲ, ಎದ್ಯಾಗ ನೀರ ಇಳಿಯೂದೂ ಅದಕ್ಕ. ಎದ್ಯಾಗ ನೀರ ತುಂಬಿದವನ್ನ ಅಷ್ಟ ಮ್ಯಾಲ ಒಯ್ದ್ರ, ಲೇಹ ಮುಟ್ಟೂದರಾಗ ಹೆಣಾ ಆಕ್ಕಾನ."

"ಕಾಕಾ! ಬಸರಿ ಹೆಂಗಸಿನ ಮುಂದ ಏನ ಮಾತಾಡ್ತೀರಿ?" ಎಂದು ಮಗ ಕೂಗಿದ.

ಮಗಳು ಗೋಡೆಗೆ ಆತುಕೊಂಡು ಕೂತಿದ್ದಳು. "ನೀ ಸುಮ್ಮಕಿರೋ ಅಣ್ಣಾ," ಎಂದಳು. "ಕಾಕಾ, ವಿಮಾನದಾಗ ಹೋದ್ರ? ಅದೂ ಅಷ್ಟ ಎತ್ತರದಾಗ ಹೊಕ್ಕೈತೆಲ್ಲಾ?"

"ವಿಮಾನದ ಒಳಗ ಹವಾ ಕಟ್ಟಿ ಇಟ್ಟಿರ್ತಾರವ್ವಾ. ಮಂದಿಗೆ ಎತ್ತರ ತಿಳಿಯಾಂಗಿಲ್ಲ."

"ಯಾವಾಗ ಬರತೈತಿ?"

"ಗೊತ್ತಿಲ್ಲ ಮಗಳ."

"ಬದಕ್ತಾರೇನ್ರಿ?"

"ಅದೂ ಗೊತ್ತಿಲ್ಲ. ಡಾಕ್ಟರ್ ಹಂತ್ಯಾಕ ಅದಾರ, ಹವಾ ಹಚ್ಯಾರ. ಇಷ್ಟ ಗೊತ್ತೈತಿ. ಮತ್ತೊಂದ ಗೊತ್ತೈತಿ, ಕೇಳು. ಅಲ್ಲಿ ಮಧ್ಯಾಹ್ನ ಆಗೂದರಾಗ ಗುಡ್ಡದ ಮ್ಯಾಲ ಗಾಳಿ ಏಳತೈತಿ. ಆಮ್ಯಾಲ ಯಾವ ವಿಮಾನಾನೂ ಹಾರಾಂಗಿಲ್ಲ. ಬಂದ್ರ ಮುಂಜಾನೇನ ಬರಬೇಕು. ಅಲ್ಲಿ ತನಕ ನಾವು ಕಾಯೂಣು. ಮಧ್ಯಾಹ್ನದ ಮ್ಯಾಲ ನೀ ಉಣ್ಣಬೇಕು, ಮಲಗಬೇಕು. ಮಧ್ಯಾಹ್ನದ ಮ್ಯಾಲ ಕಾಯೂದು ಸುಳ್ಳ ಕೆಲಸ."

ಅವತ್ತು ವಿಮಾನ ಬರಲಿಲ್ಲ. ಕಾಕಾ ನಮ್ಮ ಮನೆಯ ಪಡಸಾಲೆಯಲ್ಲಿ ಕೂತೇ ಇದ್ದರು. ಹೊತ್ತು ನೆತ್ತಿಗೆ ಬಂದಾಗ, "ಇವತ್ತಿಂದು ಮುಗೀತು," ಎಂದು ಎದ್ದು ಹೋದರು. ಸಮಾಧಾನದ ಒಂದು ಮಾತಿಲ್ಲ. ಆದರೆ ಅವರು ಹೋದ ಮೇಲೆ ಮಗಳು ನಾನು ಹಾಕಿದಷ್ಟನ್ನೂ ಉಂಡು, ಮಗ್ಗುಲಾಗಿ, ನಿದ್ದೆ ಹೋದಳು. ನನಗೆ ಅಚ್ಚರಿಯಾಯಿತು. ಮರುದಿನವೂ ಅದೇ. ಜೊತೆಗಾರ ಫೋನ್ ಮಾಡಿ, "ಹಂಗ ಅದಾನ್ರಿ, ಮೋಡ ಸರಿಯವಲ್ದು," ಎಂದ. ಮಧ್ಯಾಹ್ನಕ್ಕೆ ಕಾಕಾ ಎದ್ದರು. ಮಗಳು ಉಂಡಳು, ಮಲಗಿದಳು. ಕೊನೆಯಿಲ್ಲದ ಕಾಯುವಿಕೆಗೆ ಆ ಮನುಷ್ಯ ಒಂದು ಅಂಚು ಹೊಲಿದು ಕೊಟ್ಟಿದ್ದರು. ಅದಿಲ್ಲದಿದ್ದರೆ ಅವಳು ಹಗಲೂ ರಾತ್ರಿ ಫೋನ್ ನೋಡುತ್ತ ಕೂತು, ಹೊಟ್ಟೆಯೊಳಗಿನ ಕೂಸನ್ನೂ ಒಣಗಿಸುತ್ತಿದ್ದಳು.

ಅದರ ಮರುದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಫೋನ್ ಬಂತು.

"ಅವ್ವಾರ, ಬಂತ್ರಿ ವಿಮಾನ! ಸ್ಟ್ರೆಚರ್ ಏರಿಸಿದ್ರು, ಬಾಗಲಾ ಹಾಕಿದ್ರು. ಹೊಂಟತು ನೋಡ್ರಿ!" ಅವನ ಮಾತಿನ ಹಿಂದೆ ಒಂದು ಭಾರಿ ಸದ್ದು. ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ನೂರು ಮಗ್ಗ ಒಟ್ಟಿಗೆ ಬಡಿದರೂ ಅಷ್ಟಾಗದು. ಆಮೇಲೆ ಫೋನ್ ಕಟ್ಟಾಯಿತು.

ಮಗಳು ಎದ್ದು ನಿಂತಳು. "ಮುಟ್ಟಿದಂಗ ಏನ್ರಿ ಕಾಕಾ?"

"ಇಲ್ಲ. ಅರ್ಧಾ ಹೋಗಿ ಹೊಳ್ಳಿ ಬಂದದ್ದೂ ಐತಿ. ಕುಂದರು," ಅಂದರು. ನನ್ನ ಕಡೆ ತಿರುಗಿ, "ಅಕ್ಕಾರ, ನೀವು ರೊಟ್ಟಿ ಬಡೀರಿ. ನಿಲ್ಲಿಸಬ್ಯಾಡ್ರಿ," ಅಂದರು.

ಅವರು ಕಣ್ಣು ಮುಚ್ಚಿದರು. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳತೊಡಗಿದರು. ಯಾರೂ ಹೇಳಿ ಎಂದಿರಲಿಲ್ಲ.

"ಈಗ ಎದ್ದಿತು. ನೆಟ್ಟಗ ಏರಾಕ ಬರಾಂಗಿಲ್ಲ, ಎರಡೂ ಕಡೆ ಗುಡ್ಡ. ಹಾಳ ಬಾವ್ಯಾಗಿನ ಪಾರಿವಾಳ ನೋಡಿಯಿಲ್ಲ ಮಗಳ, ಸುತ್ತಿ ಸುತ್ತಿ ಮ್ಯಾಲ ಬರತೈತಿ? ಹಂಗ. ಸುತ್ತಾಕತ್ತೈತಿ. ಕೆಳಗ ಹೊಳಿ ಐತಿ, ಬೂದಿ ಬಣ್ಣದ್ದು. ಹೊಳಿ ಸಣ್ಣಾತು. ಈಗ ಬರೇ ಎಳಿಯಂಗ ಕಾಣತೈತಿ."

ನಾನು ರೊಟ್ಟಿ ಬಡಿದೆ. ಹಂಚಿಗೆ ಹಾಕಿದೆ, ನೀರು ಸವರಿದೆ.

"ಈಗ ಗುಡ್ಡದ ನೆತ್ತಿಗೆ ಸಮ ಬಂತು. ಇಲ್ಲಿ ಅಲುಗಾಡತೈತಿ. ಅಲುಗಾಡೇ ಅಲುಗಾಡತೈತಿ, ಅಂಜಬ್ಯಾಡ. ಮಾಲು ಬಿಗಿದಿದ್ರ ಏನೂ ಆಗೂದಿಲ್ಲ. ಅವನ್ನೂ ಪಟ್ಟಿ ಹಾಕಿ ಬಿಗಿದಿರ್ತಾರ. ಈಗ ಕೆಳಗ ರಸ್ತಾ. ಬಿಳಿ ಗ್ವಾಡಿ ಮ್ಯಾಲ ಇರಿವಿ ಹರದಂಗ ಲಾರಿಗಳು. ಬಿಸಲು ಹಿಮದ ಮ್ಯಾಲ ಬಿದ್ದು ತಿರುಗಿ ಮ್ಯಾಲ ಬರತೈತಿ. ಬೆಳಕು ಕೆಳಗಿನಿಂದ ಬಂದು ಮಾರಿಗೆ ಬಡೀತೈತಿ, ಮಗಳ. ನೆರಳೆಲ್ಲಾ ಮ್ಯಾಲ ಏರ್ತಾವ. ಹಣಿ ಮ್ಯಾಲ ಮೂಗಿನ ನೆರಳು ಬೀಳತೈತಿ."

ಕೆಳಗಿನಿಂದ ಬರುವ ಬೆಳಕು! ಅರವತ್ತು ದಾಟಿದ ನಾನು ಬೆಳಕು ಮೇಲಿನಿಂದಲ್ಲದೆ ಬಂದದ್ದನ್ನು ಕಂಡಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ನನಗೆ ನನ್ನ ಅಡುಗೆಮನೆ ನೆನಪಾದದ್ದು. ರೊಟ್ಟಿ ಬುಟ್ಟಿಯ ತಳವೂ ಮುಚ್ಚಿರಲಿಲ್ಲ. ಅಷ್ಟರೊಳಗೆ ಆ ವಿಮಾನ, ಒಂದು ಹಗಲಿಡೀ ಲಾರಿಗಳು ತೆವಳುವ ಗುಡ್ಡವನ್ನು ನೆತ್ತಿಯ ಮೇಲಿಂದ ದಾಟುತ್ತಿತ್ತು. ಮಗ ಗಾಜಿನ ಮೇಲೆ ಎಳೆದ ನೂಲಿನ ಗೆರೆಯಲ್ಲೇ ನನ್ನ ಅಳಿಯ ಹೋಗುತ್ತಿದ್ದ. ನೂಲು ಎಳೆದವನಿಗೆ ಗುಡ್ಡ ಕಂಡಿರಲಿಲ್ಲ. ಗುಡ್ಡವನ್ನು ಕಂಡೂ ಅದರ ಮೇಲೆ ನೂಲಿನಷ್ಟು ನೆಟ್ಟಗೆ ಹೋಗುವ ಮನುಷ್ಯರು ಇದ್ದಾರಲ್ಲ, ಅವರು ಎಂಥವರು ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ.

"ಈಗ ಇಳಿಯಾಕ ಹತ್ತೈತಿ. ಕಿವಿ ಮುಚ್ಚಿಕೊಳ್ತಾವ. ಇನ್ನೊಂದ ಹೊಳಿ ಬಂತು, ಅದು ಸಿಂಧೂ. ಹಸರು ಗಿಡಗಳು ಅಲ್ಲಲ್ಲಿ. ಎಡಕ್ಕ ಗುಡ್ಡ, ಬಲಕ್ಕ ಗುಡ್ಡ. ನೆಲಾ ಬಂತು. ನೆಲಾ..."

ಅವರು ಕಣ್ಣು ತೆರೆದರು. "ನನ್ನ ಲೆಕ್ಕದಾಗ ಇಳೀಬೇಕು," ಅಂದರು. "ಇಳಿದೈತೋ ಇಲ್ಲೋ ಗೊತ್ತಿಲ್ಲ."

ಫೋನ್ ಸುಮ್ಮನಿತ್ತು. ಮಗ ಅದನ್ನು ಎತ್ತಿ ನೋಡುವುದು, ಇಡುವುದು ಮಾಡಿದ. "ಇಳಿದ್ರ ಫೋನ್ ಮಾಡ್ಬೇಕಲ್ರೀ!" ಎಂದ.

"ಇಳಿದ ಮ್ಯಾಲ ಮೊದಲ ಪೇಶಂಟನ್ನ ಇಳಿಸ್ತಾರೋ, ನಿನಗ ಫೋನ್ ಮಾಡ್ತಾರೋ? ಕುಂದರಲೇ."

ಆ ಹೊತ್ತು ಎಷ್ಟಿತ್ತೋ ನನಗೆ ಹೇಳಲಾಗದು. ಕಾಕಾನ ಅಂಗಿಯ ಬೆನ್ನು ತೊಯ್ದು ಅಂಟಿಕೊಂಡದ್ದನ್ನು ಆಗ ನೋಡಿದೆ. ಛಳಿಯ ಮುಂಜಾನೆ ಅದು, ಒಲೆಯ ಮುಂದೆ ಕೂತವಳು ನಾನು, ಬೆವತವರು ಅವರು.

ಫೋನ್ ಬಂತು. "ಮುಟ್ಟಿದ್ರಂತ್ರಿ ಅವ್ವಾರ. ದವಾಖಾನ್ಯಾಗ ಅದಾನಂತ. ಕಣ್ಣು ತೆರೆದಾನಂತ."

ಮಗಳು ಅತ್ತಳು. ಮಗ ಅತ್ತ. ಕಾಕಾ ಬುಟ್ಟಿಯಿಂದ ಸೀದ ರೊಟ್ಟಿಯನ್ನೇ ಆರಿಸಿ ತೆಗೆದುಕೊಂಡು, "ಚಟ್ನಿ ಐತೇನ್ರಿ ಅಕ್ಕಾರ?" ಎಂದು ಕೇಳಿದರು.

ಅವರು ನನ್ನ ಅಳಿಯನನ್ನು ಉಳಿಸಿದರು ಎಂದು ನಾನು ಬರೆಯುವುದಿಲ್ಲ. ಉಳಿಸಿದವರು ಡಾಕ್ಟರು, ವಿಮಾನ ನಡೆಸಿದವರು. ಕಾಕಾನ ಮುಂದೆಯೇ ಯಾರೋ ಹಾಗೆ ಹೊಗಳಲು ಹೋಗಿ, "ನಾ ಏನ್ ಮಾಡೀನಿ? ಪಡಸಾಲ್ಯಾಗ ಕುಂತಿದ್ದೆ," ಎಂದು ಬೈಸಿಕೊಂಡರು. ಆ ಮೂರು ಮುಂಜಾನೆ ನಮ್ಮ ಮನೆಯಲ್ಲಿ ಸುಳ್ಳು ಹೇಳದ ಒಬ್ಬ ಮನುಷ್ಯ ಕೂತಿದ್ದ. ನನ್ನ ಋಣ ಅಷ್ಟಕ್ಕೆ. ಅದು ಸಣ್ಣದಲ್ಲ.

ಅಳಿಯ ರಜೆಯ ಮೇಲೆ ಬಂದಾಗ ಕೂಸು ಮಗ್ಗುಲು ಹೊರಳುತ್ತಿತ್ತು. ಅರ್ಧಕ್ಕರ್ಧ ಇಳಿದುಹೋಗಿದ್ದ. ಕೂಸನ್ನು ಎತ್ತಿಕೊಂಡು ನೇರ ಕಾಕಾನ ಹತ್ತಿರ ಹೋದ. ನಾನೂ ಹಿಂದೆ ಹೋದೆ.

"ಹ್ಯಾಂಗಿತ್ತಪಾ ಮ್ಯಾಲ?" ಎಂದು ಕಾಕಾ ಕೇಳಿದರು.

"ಏನೂ ನೋಡಿಲ್ರಿ. ಅಂಗಾತ ಮಲಗಿದ್ದೆ. ಬರೇ ವಿಮಾನದ ಛತ್ತು, ಮತ್ತ ಒಂದ್ ದೀಪ."

ಕಾಕಾನ ಮುಖ ಸಣ್ಣದಾಯಿತು. ಆ ದಾರಿ ಹೋಗಿಯೂ ನೋಡದೆ ಬಂದನಲ್ಲ ಎಂದು ಅವರಿಗೆ ಖರೆಯಾಗಿಯೂ ಕೆಟ್ಟದೆನಿಸಿತ್ತು. ಅವನನ್ನು ಕೂರಿಸಿಕೊಂಡು, ಬಾವಿಯ ಪಾರಿವಾಳದಿಂದ ಹಿಡಿದು ಎಲ್ಲವನ್ನೂ ಮತ್ತೆ ಹೇಳಿದರು. ತಾನೇ ಹಾದು ಬಂದ ದಾರಿಯನ್ನು ಅವನು ಬಾಯಿ ತೆರೆದು ಕೇಳಿದ. ಕೊನೆಗೆ ನಾನು, "ಇಷ್ಟ ಸಲ ಹೋಗೀರಿ, ಬ್ಯಾಸರ ಆಗಿಲ್ಲೇನ್ರಿ ಕಾಕಾ?" ಎಂದೆ.

"ಬ್ಯಾಸರಾ?" ಅಂದರು. "ಅಕ್ಕಾರ, ಆ ನೆತ್ತಿ ದಾಟುವಾಗ ವಿಮಾನದಾಗ ಯಾರೂ ಮಾತಾಡಾಂಗಿಲ್ಲ. ಎಂಥಾ ಬಾಯಿಬಡಕ ಇದ್ರೂ ಸುಮ್ಮಕ ಕುಂದರ್ತಾನ. ಸಪ್ಪಳಕ್ಕ ಅಂತ ತಿಳೀಬ್ಯಾಡ್ರಿ. ಅಲ್ಲಿ ನಮಗ ಜಾಗಾ ಇಲ್ಲ, ಆದ್ರೂ ಬಿಟ್ಟಾರ ಅನಸತೈತಿ. ದೇವರ ಮನ್ಯಾಗ ಚಪ್ಪಲಿ ಹಾಕ್ಕೊಂಡ ಹೊಕ್ಕಂಗ."

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಜಡ್ಡು ಗಿಡ್ಡು ಇರಲಿಲ್ಲ. ಮುಂಜಾನೆ ಚಹಾ ಕೊಡಲು ಹೋದ ತಮ್ಮನ ಹೆಂಡತಿ ಕೂಗಿಕೊಂಡಳು. ನಾನು ಹೋಗಿ ನೋಡಿ, ಕಣ್ಣು ಮುಚ್ಚಿಸಿದೆ. ನನಗೆ ಅಳು ಬೇಗ ಬರುವುದಿಲ್ಲ. ಅವತ್ತೂ ಬರಲಿಲ್ಲ. ಅಳಿಯ ಈಗ ಫೌಜು ಬಿಟ್ಟು ಮುಧೋಳದಲ್ಲಿ ಕೆಲಸಕ್ಕಿದ್ದಾನೆ. ಸುದ್ದಿ ಕೇಳಿದವನೇ ಬೈಕ್ ಹತ್ತಿ ಬಂದ. ರುದ್ರಭೂಮಿಯಲ್ಲಿ ನೆಲ ಗಟ್ಟಿ, ಕೆಳಗೆ ಕಲ್ಲು. ತೋಡುವವರು ಸೋತಾಗ ಅವನು ಅಂಗಿ ಬಿಚ್ಚಿ ಕುಣಿಯೊಳಗೆ ಇಳಿದನಂತೆ. ಬೇಡವೆಂದರೂ ಕೇಳಲಿಲ್ಲವಂತೆ. ಕೊನೆಯ ತನಕ ತಾನೇ ತೋಡಿದನಂತೆ.

ಮಣ್ಣು ಮಾಡಿ ಬಂದವರು ಸ್ನಾನವಾಗದೆ ಒಳಗೆ ಬರುವಂತಿಲ್ಲ. ನಾನು ಬಿಸಿನೀರು ಹೊತ್ತು ಹಿತ್ತಲಿಗೆ ಹೋದೆ. ಅಳಿಯ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಮೈಯೆಲ್ಲ ಮಣ್ಣು. ತೇಕುತ್ತಿದ್ದ. ಒಮ್ಮೆ ನೀರು ತುಂಬಿದ್ದ ಆ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಉಸಿರು ದೊಡ್ಡದಾಗಿ, ಒಣದಾಗಿ, ತಡೆಯಿಲ್ಲದೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನಾನು ಅವನ ಬೆನ್ನ ಹಿಂದೆ ಕೊಡ ಹಿಡಿದುಕೊಂಡು ನಿಂತೆ. ಅವನನ್ನು ಕರೆಯಲಿಲ್ಲ. ಆ ತೇಕನ್ನು ಸ್ವಲ್ಪ ಹೊತ್ತು ಕೇಳುತ್ತ ನಿಂತಿದ್ದೆ.